ಎಂಟು ಪಯಣಿಗರು, ಒಂದು ಉದ್ದದ ದಾರಿ: ‘ಆಕ್ಟೋಪಾತ್ ಟ್ರಾವೆಲರ್ 2’ ಬಗ್ಗೆ ಓದುಗರ ಪ್ರಶ್ನೆಗಳು

ಜಪಾನಿನ ಸ್ಕ್ವೇರ್ ಎನಿಕ್ಸ್ ಮತ್ತು ಅಕ್ವೈರ್ ಸಂಸ್ಥೆಗಳು ಸೇರಿ ರೂಪಿಸಿದ ‘ಆಕ್ಟೋಪಾತ್ ಟ್ರಾವೆಲರ್ 2’ ಬಿಡುಗಡೆಯಾದದ್ದು 2023ರ ಫೆಬ್ರುವರಿ 24ರಂದು. ಸರದಿಯ ಪ್ರಕಾರ ಏಟು ಹಾಕುವ ಹಳೆಯ ಶೈಲಿಯ ರೋಲ್ ಪ್ಲೇಯಿಂಗ್ (ಪಾತ್ರವಾಗಿ ಆಡುವ) ವಿಡಿಯೊ ಆಟ ಇದು. ಎಂಟು ಪಾತ್ರ, ಎಂಟು ಕಥೆ. ಎಲ್ಲ ಕಥೆ ಮುಗಿಸಲು ಸುಮಾರು 60 ಗಂಟೆ ಬೇಕು, ಮೂಲೆಮೂಲೆ ಹುಡುಕುವವರಿಗೆ ಇನ್ನೂ ಹೆಚ್ಚು. ಈ ಆಟದ ಬಗ್ಗೆ ಬಂದ ಪ್ರಶ್ನೆಗಳಿಗೆಲ್ಲ ಈ ಸಲ ಒಟ್ಟಿಗೇ ಉತ್ತರಿಸಿದ್ದೇವೆ.

ಪ್ರಶ್ನೆ: ಮೊದಲ ಭಾಗವನ್ನು ಅರ್ಧಕ್ಕೇ ಬಿಟ್ಟವನು ನಾನು. ಎಂಟು ಜನ ಜೊತೆಯಲ್ಲಿ ನಡೆದರೂ ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದಂತೆ ಇದ್ದರು. ಎರಡನೆಯದೂ ಹಾಗೇ ಎಂದು ಕೆಲವರು, ಪೂರ್ತಿ ಬದಲಾಗಿದೆ ಎಂದು ಕೆಲವರು ಹೇಳುತ್ತಾರೆ. ಯಾರ ಮಾತು ನಂಬಲಿ? — ಬೆಂಗಳೂರಿನ ಓದುಗರು

ಉತ್ತರ: ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆಟದ ಯಾವ ಹಂತದಲ್ಲಿ ನಿಂತು ಮಾತಾಡುತ್ತಿದ್ದಾರೆ ಎಂಬುದರ ಮೇಲೆ ಅಭಿಪ್ರಾಯ ಬೇರೆಯಾಗುತ್ತದೆ. ಮೊದಲ 20 ಗಂಟೆ ನೋಡಿದವರಿಗೆ ಇದು 2018ರ ಆಟದ ಅಚ್ಚಿನಲ್ಲೇ ಇದೆ ಅನ್ನಿಸುವುದು ಸಹಜ. ಒಬ್ಬೊಬ್ಬರನ್ನೇ ಅವರವರ ಊರಿಗೆ ಹೋಗಿ ಸೇರಿಸಿಕೊಳ್ಳಬೇಕು. ಒಬ್ಬರ ಅಧ್ಯಾಯ ನಡೆಯುವಾಗ ಉಳಿದವರು ಕಥೆಯ ದೃಶ್ಯದಲ್ಲಿ ಬಾಯಿ ಬಿಡುವುದಿಲ್ಲ. ಈ ದೂರು ಎರಡನೆಯ ಭಾಗಕ್ಕೂ ಸಲ್ಲುತ್ತದೆ.

ಬದಲಾವಣೆ ಮೂರು ಕಡೆ ಆಗಿದೆ. ಅಧ್ಯಾಯಗಳ ಎರಕ ಒಂದೇ ತೆರನಾಗಿಲ್ಲ: ಕಳ್ಳಿ ತ್ರೋನೆಯ ಕಥೆ ‘ತಂದೆ’ಯ ದಾರಿ, ‘ತಾಯಿ’ಯ ದಾರಿ ಎಂದು ಕವಲೊಡೆಯುತ್ತದೆ, ಬೇಟೆಗಾರ್ತಿ ಓಶೆಟ್‌ಗೆ ಮೂರು ಕಾವಲು ಮೃಗಗಳನ್ನು ಹುಡುಕುವ ಕೆಲಸ, ಯಾವುದು ಮೊದಲು ಎಂಬುದು ನಿಮ್ಮ ಆಯ್ಕೆ. ಎರಡನೆಯದು, ಇಬ್ಬಿಬ್ಬರಿಗೆ ಒಂದರಂತೆ ಜೋಡಿ ಕಥೆಗಳು. ಹಿಕಾರಿ–ಅಗ್ನಿಯಾ, ಓಶೆಟ್–ಕ್ಯಾಸ್ಟಿ, ಪಾರ್ಟಿಶಿಯೊ–ಓಸ್ವಾಲ್ಡ್, ಟೆಮೆನೋಸ್–ತ್ರೋನೆ. ಇಲ್ಲಿ ಅವರು ನಿಜವಾಗಿಯೂ ಒಬ್ಬರನ್ನೊಬ್ಬರು ನೋಡಿ ಮಾತಾಡುತ್ತಾರೆ. ಮೂರನೆಯದೇ ದೊಡ್ಡದು. ಎಲ್ಲ ಎಳೆಗಳನ್ನೂ ಹೆಣೆಯುವ ಕೊನೆಯ ಅಧ್ಯಾಯವನ್ನು ಈ ಸಲ ಬಚ್ಚಿಟ್ಟಿಲ್ಲ. ಮೊದಲ ಆಟದಲ್ಲಿ ಆ ಕೊಂಡಿ ಉಪಕಥೆಗಳ ಹಿಂದೆ ಅಡಗಿತ್ತು, ಬಹಳ ಜನ ಅದನ್ನು ನೋಡದೆಯೇ ಆಟ ಮುಗಿಯಿತು ಅಂದುಕೊಂಡರು.

ನಮ್ಮ ತೀರ್ಪು: ಕಥೆಗಳೆಲ್ಲ ಒಂದೇ ಮಟ್ಟದವಲ್ಲ. ಧರ್ಮಗುರುವಿನ ಕೊಲೆಯ ಜಾಡು ಹಿಡಿಯುವ ಟೆಮೆನೋಸ್, ನೆನಪು ಕಳೆದುಕೊಂಡು ದೋಣಿಯಲ್ಲಿ ಸಿಕ್ಕ ಔಷಧಿಗಾರ್ತಿ ಕ್ಯಾಸ್ಟಿ, ಬಡತನವನ್ನೇ ಶತ್ರು ಎಂದು ಹೊರಟ ವ್ಯಾಪಾರಿ ಪಾರ್ಟಿಶಿಯೊ, ಈ ಮೂರು ಕಥೆಗಳು ಬಹಳ ಗಟ್ಟಿ. ಅಗ್ನಿಯಾಳ ನೃತ್ಯದ ಕಥೆ ಹಗುರ, ರಾಜಕುಮಾರ ಹಿಕಾರಿಯ ಕಥೆಯ ತಿರುವುಗಳು ಮುಂಚೆಯೇ ಗೊತ್ತಾಗುತ್ತವೆ. ಮೊದಲ ಆಟವನ್ನು ಮುಗಿಸಿಯೇ ಬರಬೇಕೆಂಬ ಕಡ್ಡಾಯ ಇಲ್ಲ. ಲೋಕ ಬೇರೆ, ಜನ ಬೇರೆ.

ಪ್ರಶ್ನೆ: ಶುರುವಿನಲ್ಲಿ ಯಾರನ್ನು ಆರಿಸಿದರೆ ಒಳ್ಳೆಯದು? — ಹುಬ್ಬಳ್ಳಿಯ ಓದುಗರು

ಉತ್ತರ: ಈ ಆಯ್ಕೆ ಹಗುರವಲ್ಲ. ಮೊದಲು ಆರಿಸಿದವರನ್ನು ಅವರ ಕಥೆ ಪೂರ್ತಿ ಮುಗಿಯುವವರೆಗೂ ತಂಡದಿಂದ ಹೊರಗೆ ಕೂರಿಸಲು ಬಿಡುವುದಿಲ್ಲ. ಆದ್ದರಿಂದ 40–50 ಗಂಟೆ ಜೊತೆಗಿದ್ದರೂ ಬೇಸರ ತರದ, ಎಲ್ಲ ಕಡೆ ಉಪಯೋಗಕ್ಕೆ ಬರುವ ಪಾತ್ರ ಬೇಕು.

ನಮ್ಮ ಸಲಹೆ ತ್ರೋನೆ ಅಥವಾ ಪಾರ್ಟಿಶಿಯೊ. ತ್ರೋನೆ ಚುರುಕು; ಹಗಲಲ್ಲಿ ಕದಿಯುತ್ತಾಳೆ, ರಾತ್ರಿ ದಾರಿಗೆ ಅಡ್ಡ ನಿಂತವರನ್ನು ಸದ್ದಿಲ್ಲದೆ ಬೀಳಿಸುತ್ತಾಳೆ. ಅಂಗಡಿಯಲ್ಲಿ ಸಿಗದ ಆಯುಧ ಊರಿನವರ ಜೇಬಿನಲ್ಲಿ ಇರುವ ಆಟ ಇದು, ಆ ಲೆಕ್ಕದಲ್ಲಿ ಕಳ್ಳಿಗೆ ಬೆಲೆ ಹೆಚ್ಚು. ಕದಿಯುವ ಮೊದಲು ಸೇವ್ ಮಾಡಿಕೊಳ್ಳಿ. ಪರದೆಯ ಮೇಲೆ ಶೇಕಡಾವಾರು ತೋರಿಸುತ್ತದೆ. ಪದೇಪದೇ ಸೋತರೆ ಆ ಊರಲ್ಲಿ ಹೆಸರು ಕೆಡುತ್ತದೆ, ಆಮೇಲೆ ಟ್ಯಾವರ್ನ್‌ನವನಿಗೆ (ಪಾನಗೃಹದವನಿಗೆ) ದುಡ್ಡು ಕೊಟ್ಟು ಸರಿಮಾಡಿಕೊಳ್ಳಬೇಕು. ಅದೇ ಅಗ್ನಿಯಾ ರಾತ್ರಿ ಹೊತ್ತು ಕೇಳಿ ಪಡೆಯುತ್ತಾಳೆ. ಅವಳಿಗೆ ಬೇಕಾದ ಲೆವೆಲ್ ಇದ್ದರೆ ಸಾಕು, ಸೋಲುವ ಮಾತೇ ಇಲ್ಲ. ಶೇಕಡಾ 10ಕ್ಕಿಂತ ಕಡಿಮೆ ತೋರಿಸುವ ವಸ್ತುವಿಗಾಗಿ ತ್ರೋನೆಯಿಂದ ಹತ್ತು ಸಲ ಪ್ರಯತ್ನಿಸುವ ಬದಲು ಅಗ್ನಿಯಾಳನ್ನು ಕರೆತನ್ನಿ.

ವಿದ್ವಾಂಸ ಓಸ್ವಾಲ್ಡ್‌ನನ್ನು ಮೊದಲಿಗೆ ಆರಿಸುವುದು ಬೇಡ. ಅವನ ಆರಂಭ ಹಿಮದ್ವೀಪದ ಸೆರೆಮನೆಯಲ್ಲಿ. ಕಥೆಯಾಗಿ ಚೆನ್ನಾಗಿದೆ, ಆದರೆ ಬೇರೆಯವರನ್ನು ಸೇರಿಸಿಕೊಂಡು ಆಟದ ನಿಜವಾದ ರುಚಿ ಹತ್ತುವುದು ತಡವಾಗುತ್ತದೆ.

ಎರಡು ಖಂಡಗಳಿವೆ. ತ್ರೋನೆ, ಕ್ಯಾಸ್ಟಿ, ಓಸ್ವಾಲ್ಡ್, ಓಶೆಟ್ ಪೂರ್ವದವರು. ಹಿಕಾರಿ, ಪಾರ್ಟಿಶಿಯೊ, ಟೆಮೆನೋಸ್, ಅಗ್ನಿಯಾ ಪಶ್ಚಿಮದವರು. ಶುರು ಮಾಡಿದ ಖಂಡದ ನಾಲ್ವರನ್ನು ಕೂಡಿಸಿಕೊಂಡು ಹಡಗು ಹತ್ತಿದರೆ ಅಲೆದಾಟ ಕಡಿಮೆ.

ಪ್ರಶ್ನೆ: ಬಾಸ್ (ಅಧ್ಯಾಯದ ಮುಖ್ಯ ಶತ್ರು) ಜೊತೆಗಿನ ಯುದ್ಧಗಳು ಮುಗಿಯುವುದೇ ಇಲ್ಲ. ಒಂದೊಂದಕ್ಕೆ ಅರ್ಧ ಗಂಟೆಗೂ ಹೆಚ್ಚು ಹಿಡಿಯುತ್ತದೆ, ಕೊನೆಗೆ ಎರಡೇ ಏಟಿಗೆ ನನ್ನವರೆಲ್ಲ ನೆಲಕ್ಕೆ. ಅಧ್ಯಾಯಕ್ಕೆ ಸೂಚಿಸಿದ ಲೆವೆಲ್‌ಗಿಂತ ಮೇಲೇ ಇದ್ದೇನೆ. ತಪ್ಪು ಎಲ್ಲಿ? — ಮೈಸೂರಿನ ಓದುಗರು

ಉತ್ತರ: ಲೆವೆಲ್ ಸಾಕಷ್ಟಿದೆ ಎಂದಾದರೆ ತಪ್ಪು ಬಹುತೇಕ ಬ್ರೇಕ್ ಮಾಡುವ ಹೊತ್ತಿನಲ್ಲಿ ಇರುತ್ತದೆ. ಈ ಆಟದ ಜೀವ ಇರುವುದೇ ಅಲ್ಲಿ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇವೆ.

ಪ್ರತಿ ಶತ್ರುವಿಗೂ ಶೀಲ್ಡ್ ಅಂಕೆ ಇರುತ್ತದೆ. ಆ ಶತ್ರು ತಾಳಲಾರದ ಆಯುಧ ಅಥವಾ ಮಂತ್ರದಿಂದ ಹೊಡೆದರೆ ಒಂದೊಂದು ಏಟಿಗೆ ಒಂದೊಂದು ಇಳಿಯುತ್ತದೆ. ಸೊನ್ನೆಯಾದಾಗ ಶತ್ರು ಬ್ರೇಕ್ ಆಗುತ್ತಾನೆ. ಆ ಸುತ್ತಿನಲ್ಲಿ ಉಳಿದ ಅವನ ಸರದಿ ಹೋಯಿತು, ಮುಂದಿನ ಸುತ್ತು ಪೂರ್ತಿ ಹೋಯಿತು, ಅಷ್ಟು ಹೊತ್ತು ಅವನ ಮೇಲೆ ಬೀಳುವ ಏಟಿನ ತೂಕವೂ ಹೆಚ್ಚು. ಮೂರನೆಯ ಸುತ್ತಿನ ಮೊದಲಲ್ಲೇ ಎದ್ದು ಹೊಡೆಯುತ್ತಾನೆ.

ಏಟಿಗೆ ಬಲ ತುಂಬುವ ಬೂಸ್ಟ್ ಪಾಯಿಂಟ್ (ಬಿಪಿ) ಎಲ್ಲರಿಗೂ ಯುದ್ಧದ ಆರಂಭದಲ್ಲಿ 1 ಇರುತ್ತದೆ, ಸುತ್ತಿಗೊಂದರಂತೆ ಏರುತ್ತದೆ, 5ಕ್ಕಿಂತ ಮೇಲೆ ಹೋಗದು, ಒಂದು ಸಲಕ್ಕೆ 3 ಖರ್ಚು ಮಾಡಬಹುದು. ಖರ್ಚು ಮಾಡಿದವರಿಗೆ ಮುಂದಿನ ಸುತ್ತಿನಲ್ಲಿ ಬಿಪಿ ಸಿಗುವುದಿಲ್ಲ. ಹೊಸಬರು ಎಡವುವ ಮೊದಲ ಜಾಗ ಇದು: ಸಾಮಾನ್ಯ ಏಟಿಗೆ 3 ಬಿಪಿ ಹಾಕಿದರೆ ನಾಲ್ಕು ಏಟು ಬೀಳುತ್ತದೆ, ನಾಲ್ಕು ಶೀಲ್ಡ್ ಇಳಿಯುತ್ತದೆ. ಸ್ಕಿಲ್‌ಗೆ (ಪಾತ್ರ ಕಲಿತ ವಿಶೇಷ ವಿದ್ಯೆಗೆ) 3 ಬಿಪಿ ಹಾಕಿದರೆ ಸಾಮಾನ್ಯವಾಗಿ ಬಲ ಹೆಚ್ಚುತ್ತದೆಯೇ ಹೊರತು ಏಟಿನ ಸಂಖ್ಯೆ ಹೆಚ್ಚದು. ಶೀಲ್ಡ್ ಒಡೆಯಲು ಬರೀ ಏಟು, ಬ್ರೇಕ್ ಆದ ಮೇಲೆ ಸ್ಕಿಲ್. ಇದನ್ನು ತಿರುವುಮುರುವು ಮಾಡಿದವರ ಯುದ್ಧಗಳೇ ಎಳೆಯುವುದು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಬಾಸ್‌ನ ಶೀಲ್ಡ್ 6, ಕತ್ತಿ ಮತ್ತು ಬಿಲ್ಲಿನ ಏಟನ್ನು ಅವನು ತಾಳಲಾರ. ತಂಡದಲ್ಲಿ ತ್ರೋನೆ, ಪಾರ್ಟಿಶಿಯೊ, ಟೆಮೆನೋಸ್, ಓಸ್ವಾಲ್ಡ್. ಮೊದಲ ಸುತ್ತಿನಲ್ಲಿ ತ್ರೋನೆ ಕತ್ತಿಯಿಂದ ಒಂದು, ಪಾರ್ಟಿಶಿಯೊ ಬಿಲ್ಲಿನಿಂದ ಒಂದು. ಶೀಲ್ಡ್ 4ಕ್ಕೆ ಬಂತು. ಎರಡನೆಯ ಸುತ್ತಿನಲ್ಲಿ ಶೀಲ್ಡ್ ಮುಟ್ಟಬೇಡಿ. ನಮ್ಮವರ ಬಲ ಏರಿಸುವುದು, ಅವನ ರಕ್ಷಣೆ ಇಳಿಸುವುದು, ಗಾಯ ವಾಸಿ ಮಾಡುವುದು, ಇಷ್ಟೇ ಕೆಲಸ. ಮೂರನೆಯ ಸುತ್ತಿಗೆ ಎಲ್ಲರ ಬಳಿಯೂ 3 ಬಿಪಿ ಇದೆ. ಎಲ್ಲರಿಗಿಂತ ಮೊದಲು ಸರದಿ ಬರುವ ತ್ರೋನೆ ಮೂರನ್ನೂ ಹಾಕಿ ನಾಲ್ಕು ಏಟು ಹೊಡೆದಾಗ ಬ್ರೇಕ್. ಬಾಸ್ ಇನ್ನೂ ಕೈ ಎತ್ತಿರಲಿಲ್ಲ, ಹಾಗಾಗಿ ಅವನ ಎರಡು ಸುತ್ತು ನಷ್ಟ. ಅದೇ ಸುತ್ತಿನಲ್ಲಿ ಓಸ್ವಾಲ್ಡ್ ಪೂರ್ಣ ಬಲದ ಮಂತ್ರ ಹಾಕಲಿ. ಪಾರ್ಟಿಶಿಯೊ ಬಿಪಿ ಉಳಿಸಿಕೊಂಡು ನಾಲ್ಕನೆಯ ಸುತ್ತಿನಲ್ಲಿ ಹೊಡೆಯಲಿ. ನಾಲ್ಕನೆಯ ಸುತ್ತಿನ ಕೊನೆಯ ಕೆಲಸ ಟೆಮೆನೋಸ್‌ನದು: ಎಲ್ಲರ ಪ್ರಾಣಬಲ ತುಂಬಿಸುವುದು. ಏಕೆಂದರೆ ಐದನೆಯ ಸುತ್ತಿನ ಮೊದಲ ಏಟು ಬಾಸ್‌ನದೇ.

ಇದೇ ಬ್ರೇಕ್ ಮೂರನೆಯ ಸುತ್ತಿನ ತುದಿಯಲ್ಲಿ, ಬಾಸ್ ಹೊಡೆದಾದ ಮೇಲೆ ಆಗಿದ್ದರೆ ಅವನಿಗೆ ಒಂದೇ ಸುತ್ತು ನಷ್ಟವಾಗುತ್ತಿತ್ತು. ಪರದೆಯ ಮೇಲ್ಭಾಗದಲ್ಲಿ ಈ ಸುತ್ತಿನ ಮತ್ತು ಮುಂದಿನ ಸುತ್ತಿನ ಸರದಿ ತೋರಿಸುತ್ತದೆ, ಅದರ ಮೇಲೆ ಕಣ್ಣಿರಲಿ. ಒಡೆಯಬೇಕಾದವರು ನಿಧಾನಿಗಳಾದರೆ ಹಿಂದಿನ ಸುತ್ತಿನಲ್ಲಿ ಡಿಫೆಂಡ್ ಮಾಡಿಸಿ. ಡಿಫೆಂಡ್ ಮಾಡಿದವರ ಸರದಿ ಮುಂದಿನ ಸುತ್ತಿನಲ್ಲಿ ಬೇಗ ಬರುತ್ತದೆ.

ನೀವು ಬರೆದ ‘ಎರಡೇ ಏಟಿಗೆ ನೆಲಕ್ಕೆ’ ಎಂಬುದಕ್ಕೂ ಕಾರಣ ಇದೆ. ಪ್ರಾಣ ಕಡಿಮೆಯಾದಾಗ ಬಾಸ್‌ಗಳು ಶಕ್ತಿ ಕೂಡಿಸಿಕೊಂಡು ಒಂದು ಸುತ್ತು ಬಿಟ್ಟು ದೊಡ್ಡ ಏಟು ಹಾಕುತ್ತಾರೆ. ಶಕ್ತಿ ಕೂಡಿಸುತ್ತಿರುವ ಸೂಚನೆ ಬರಹದಲ್ಲೂ ಚಿತ್ರದಲ್ಲೂ ಕಾಣುತ್ತದೆ. ಆಗ ಬ್ರೇಕ್ ಮಾಡಿದರೆ ಆ ಏಟೇ ರದ್ದು. ಆದ್ದರಿಂದ ಯುದ್ಧದ ಉತ್ತರಾರ್ಧದಲ್ಲಿ ಶೀಲ್ಡನ್ನು 2–3ಕ್ಕೆ ಇಳಿಸಿ ಅಲ್ಲೇ ನಿಲ್ಲಿಸಿಕೊಳ್ಳಿ, ಒಬ್ಬರ ಕೈಯಲ್ಲಾದರೂ ಬಿಪಿ ಇರಲಿ. ಸಿಕ್ಕಿದ ತಕ್ಷಣ ಒಡೆದು ಖಾಲಿಯಾದರೆ ದೊಡ್ಡ ಏಟು ಬರುವಾಗ ಕೈಯಲ್ಲಿ ಏನೂ ಇರುವುದಿಲ್ಲ.

ಪ್ರತಿ ಪಾತ್ರಕ್ಕೂ ಇರುವ ಸುಪ್ತ ಶಕ್ತಿಯನ್ನೂ ಇದೇ ಲೆಕ್ಕದಲ್ಲಿ ಬಳಸಿ. ತ್ರೋನೆ ಒಂದೇ ಸರದಿಯಲ್ಲಿ ಎರಡು ಸಲ ಹೊಡೆಯಬಲ್ಲಳು: 5 ಬಿಪಿ ಇದ್ದರೆ ಮೊದಲು 3, ಆಮೇಲೆ 2, ಒಟ್ಟು ಏಳು ಏಟು. ಟೆಮೆನೋಸ್‌ನ ಶಕ್ತಿ ಎಚ್ಚರವಾದಾಗ ಯಾವ ಏಟಿಗೂ ಶೀಲ್ಡ್ ಇಳಿಯುತ್ತದೆ, ಶತ್ರು ತಾಳಲಾರದ ಆಯುಧವೇ ಬೇಕೆಂದಿಲ್ಲ. ಪಾರ್ಟಿಶಿಯೊ ತನ್ನ ಬಿಪಿಯನ್ನು ತುಂಬಿಕೊಂಡು, ವ್ಯಾಪಾರಿಯ ಸ್ಕಿಲ್‌ನಿಂದ ಜೊತೆಯವರಿಗೆ ಹಂಚಬಲ್ಲ. ಇವರಲ್ಲಿ ಇಬ್ಬರಾದರೂ ತಂಡದಲ್ಲಿದ್ದರೆ ಯುದ್ಧದ ಹೊತ್ತು ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ.

ಇನ್ನೊಂದು ಮಾತು: ಒಂದೇ ಬಗೆಯ ಬಲವರ್ಧನೆಯನ್ನು ಎರಡು ಸಲ ಹಾಕಿದರೆ ಬಲ ಇಮ್ಮಡಿಯಾಗುವುದಿಲ್ಲ, ಅದು ಉಳಿಯುವ ಸುತ್ತುಗಳು ಮಾತ್ರ ಹೆಚ್ಚುತ್ತವೆ. ಹಾಕಿದ್ದನ್ನೇ ಮತ್ತೆ ಹಾಕಿ ಸರದಿ ಕಳೆಯಬೇಡಿ.

ಪ್ರಶ್ನೆ: ನಾಲ್ವರನ್ನೇ ಇಟ್ಟುಕೊಂಡು ಆಡಿದೆ. ಅವರು 45ರ ಆಸುಪಾಸಿನಲ್ಲಿದ್ದಾರೆ, ಉಳಿದ ನಾಲ್ವರು ಇನ್ನೂ 12–15. ಈಗ ಅವರ ಕಥೆಗೆ ಹೋಗಲು ಮನಸ್ಸೇ ಬರುತ್ತಿಲ್ಲ. ಅವರನ್ನು ಬಿಟ್ಟು ಆಟ ಮುಗಿಸಬಹುದೇ? — ಶಿವಮೊಗ್ಗದ ಓದುಗರು

ಉತ್ತರ: ಆಗದು. ಕೊನೆಯ ಅಧ್ಯಾಯ ತೆರೆಯಬೇಕಾದರೆ ಎಂಟೂ ಕಥೆ, ನಾಲ್ಕೂ ಜೋಡಿ ಕಥೆ ಮುಗಿದಿರಬೇಕು. ಕಡೆಯ ಯುದ್ಧಕ್ಕೆ ಎಂಟೂ ಜನ ಬೇಕು. ಹೊರಗೆ ಕೂತವರಿಗೆ ಅನುಭವ ಅಂಕ ಹಂಚದೆ ಇರುವುದು ಈ ಆಟದ ನಿಜವಾದ ದೋಷ. ಇಷ್ಟು ಉದ್ದದ ಆಟದಲ್ಲಿ ಒಂದು ಪಾಲನ್ನಾದರೂ ಕೊಡಬೇಕಿತ್ತು ಎಂಬ ಆಟಗಾರರ ದೂರು ನ್ಯಾಯವಾದದ್ದು.

ಆದರೂ ನಿಮ್ಮ ಸ್ಥಿತಿ ಅಷ್ಟು ಕೆಟ್ಟದ್ದೇನಲ್ಲ. ಒಬ್ಬ ದುರ್ಬಲ, ಮೂವರು ಬಲಿಷ್ಠರು ಎಂದು ತಂಡ ಕಟ್ಟಿ. ನಾಲ್ವರು ದುರ್ಬಲರನ್ನು ಒಟ್ಟಿಗೆ ಕರೆದೊಯ್ದು ಕಡಿಮೆ ಅಪಾಯದ ಜಾಗದಲ್ಲಿ ಲೆವೆಲ್ ಏರಿಸಲು ಮತ್ತೆ ಮತ್ತೆ ಹೊಡೆದಾಡಿದರೆ ಅದಕ್ಕಿಂತ ಬೇಸರದ ಕೆಲಸ ಬೇರಿಲ್ಲ. ಪ್ರತಿ ಪ್ರದೇಶಕ್ಕೂ ಕಾಲಿಡುವಾಗ ಅಪಾಯದ ಮಟ್ಟ ಬರೆದು ತೋರಿಸುತ್ತದೆ. ನಿಮ್ಮ ಮೂವರು ಸಲೀಸಾಗಿ ನಿಭಾಯಿಸುವ ಮಟ್ಟಕ್ಕೆ ಹೋಗಿ, ರಾತ್ರಿಗೆ ತಿರುಗಿಸಿ. ರಾತ್ರಿಯ ಬಯಲಲ್ಲಿ ಶತ್ರುಗಳು ಬಲಿಷ್ಠರು. ಹೊಸಬರನ್ನು ಡಿಫೆಂಡ್‌ನಲ್ಲಿಡಿ. ಯುದ್ಧ ಮುಗಿಯುವಾಗ ಬಿದ್ದಿದ್ದವರಿಗೆ ಅಂಕ ಸಿಗುವುದಿಲ್ಲ, ಅದೊಂದನ್ನು ಮರೆಯಬೇಡಿ.

ಅದಕ್ಕಿಂತ ಮೊದಲು ಆಯುಧ ಬದಲಿಸಿ. ಈ ಆಟದಲ್ಲಿ ಒಂದು ಒಳ್ಳೆಯ ಆಯುಧ ಕೊಡುವ ಬಲ ಐದಾರು ಲೆವೆಲ್‌ಗಿಂತ ಹೆಚ್ಚು. ಬಲಿಷ್ಠರ ಹಳೆಯ ಆಯುಧ, ಕವಚ, ಆಭರಣಗಳನ್ನು ಮಾರದೆ ಇಟ್ಟುಕೊಂಡಿದ್ದರೆ ಅವನ್ನೇ ತೊಡಿಸಿ. ಮನಸ್ಸು ಬರುತ್ತಿಲ್ಲ ಎಂದಿರಿ, ಆದರೆ ಬಲಿಷ್ಠ ಮೂವರು ಜೊತೆಗಿರುವಾಗ ಉಳಿದವರ ಎರಡನೆಯ ಅಧ್ಯಾಯದ ಬಾಸ್‌ಗಳು ಕೆಲವೇ ನಿಮಿಷದ ಕೆಲಸ. ಕಥೆ ಓದಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗದು.

ಹೊಸದಾಗಿ ಶುರು ಮಾಡುವವರಿಗೆ ಸಲಹೆ: ಪ್ರತಿ ಅಧ್ಯಾಯ ಮುಗಿದಾಗ ಟ್ಯಾವರ್ನ್‌ಗೆ ಹೋಗಿ ಇಬ್ಬರನ್ನು ಬದಲಿಸಿ. ದಾರಿಯ ಹರಟೆಗಳೂ ತಂಡದಲ್ಲಿ ಯಾರಿದ್ದಾರೆ ಎಂಬುದರ ಮೇಲೆ ಬದಲಾಗುತ್ತವೆ.

ಪ್ರಶ್ನೆ: ಎರಡನೆಯ ಜಾಬ್ (ಪಾತ್ರದ ವೃತ್ತಿ) ಯಾರಿಗೆ ಯಾವುದು ಕೊಡಬೇಕು? ಗುಪ್ತ ಜಾಬ್‌ಗಳು ಎಲ್ಲಿ? — ಮಂಗಳೂರಿನ ಓದುಗರು

ಉತ್ತರ: ಒಂದು ವೃತ್ತಿಯವರ ಗಿಲ್ಡ್ (ಸಂಘ) ಹುಡುಕಿಕೊಂಡು ಹೋದರೆ ಆ ಜಾಬ್‌ನ ಲೈಸೆನ್ಸ್ ಸಿಗುತ್ತದೆ. ಒಂದು ಲೈಸೆನ್ಸ್ ಒಬ್ಬರಿಗೆ. ಗಿಲ್ಡ್‌ನ ಷರತ್ತು ಪೂರೈಸುತ್ತಾ ಹೋದರೆ ಮೂರರವರೆಗೂ ಪಡೆಯಬಹುದು, ಇದು ಮೊದಲ ಆಟದಲ್ಲಿ ಇರಲಿಲ್ಲ.

ಆಯ್ಕೆ ಮಾಡುವಾಗ ‘ಈ ಜೋಡಿಗೆ ಎಷ್ಟು ಬಗೆಯ ಆಯುಧ ಸಿಗುತ್ತದೆ’ ಎಂದು ಮೊದಲು ಎಣಿಸಿ. ತ್ರೋನೆಗೆ ಕತ್ತಿ, ಚೂರಿ ಇವೆ. ಬೇಟೆಗಾರರ ಜಾಬ್ ಕೊಟ್ಟರೆ ಕೊಡಲಿ, ಬಿಲ್ಲು ಸೇರಿ ನಾಲ್ಕಾಯಿತು. ಎರಡು ಸಲ ಹೊಡೆಯುವ ಶಕ್ತಿ ಅವಳ ಸ್ವಂತದ್ದು, ಜಾಬ್‌ಗೆ ಅಂಟಿದ್ದಲ್ಲ, ಆದ್ದರಿಂದ ಶೀಲ್ಡ್ ಒಡೆಯಲು ಅವಳನ್ನು ಮೀರಿಸುವವರು ಕಡಿಮೆ. ಓಸ್ವಾಲ್ಡ್‌ಗೆ ಧರ್ಮಾಧಿಕಾರಿಯ ಜಾಬ್ ಕೊಟ್ಟರೆ ಬೆಂಕಿ, ಹಿಮ, ಸಿಡಿಲಿನ ಜೊತೆ ಬೆಳಕಿನ ಮಂತ್ರವೂ, ಗಾಯ ವಾಸಿ ಮಾಡುವ ಸ್ಕಿಲ್‌ಗಳೂ ಬರುತ್ತವೆ. ಸ್ಕಿಲ್‌ಗಳನ್ನು ಕಲಿತಂತೆ ತೆರೆಯುವ ಸಪೋರ್ಟ್ ಸ್ಕಿಲ್‌ಗಳು ಜಾಬ್ ಬದಲಿಸಿದರೂ ಆ ಪಾತ್ರದ ಬಳಿಯೇ ಉಳಿಯುತ್ತವೆ, ನಾಲ್ಕನ್ನು ಒಟ್ಟಿಗೆ ತೊಡಿಸಬಹುದು. ಹಾಗಾಗಿ ಒಂದೇ ಜಾಬ್‌ಗೆ ಕಟ್ಟುಬೀಳಬೇಡಿ.

ಗುಪ್ತ ಜಾಬ್‌ಗಳಲ್ಲಿ ಬಲು ಬೇಗ ಸಿಗುವುದು ಇನ್ವೆಂಟರ್. ನ್ಯೂ ಡೆಲ್ಸ್ಟಾ ನಗರದ ಪೂರ್ವದ ಹೆದ್ದಾರಿಯಲ್ಲಿ ಒಂದು ಕಾರ್ಯಾಗಾರವಿದೆ, ಆಟದ ಮೊದಲ ಗಂಟೆಗಳಲ್ಲೇ ಅಲ್ಲಿಗೆ ಮುಟ್ಟಬಹುದು. ಅದರ ಸ್ಕಿಲ್‌ಗಳಿಗೆ ಜಾಬ್ ಅಂಕ ಬೇಡ, ಸಾಮಗ್ರಿ ತಂದುಕೊಟ್ಟರೆ ಯಂತ್ರ ತಯಾರಾಗುತ್ತದೆ. ಒಮ್ಮೆ ಬಳಸಿದ ಯಂತ್ರಕ್ಕೆ ಕೆಲವು ಸುತ್ತು ಬಿಡುವು ಬೇಕು. ಆರೂ ಬಗೆಯ ಆಯುಧ ಹಿಡಿಯುವ ಆರ್ಮ್ಸ್‌ಮಾಸ್ಟರ್ ಜಾಬ್ ಗ್ರಾವೆಲ್ ಊರಿನ ಕಮ್ಮಾರನ ಬಳಿ. ಲೋಕದಲ್ಲಿ ಚೆದುರಿದ ತುಕ್ಕು ಹಿಡಿದ ಆಯುಧಗಳನ್ನು ತಂದು ಅವನಿಂದ ಸರಿಮಾಡಿಸಿದಂತೆ ಸ್ಕಿಲ್ ತೆರೆಯುತ್ತವೆ, ಆದ್ದರಿಂದ ತುಕ್ಕಿನ ಆಯುಧ ಸಿಕ್ಕರೆ ಜೋಪಾನ. ಆರ್ಕಾನಿಸ್ಟ್ ಜಾಬ್‌ಗಾಗಿ ಸಮುದ್ರದಾಚೆಯ ದ್ವೀಪ ಮುಟ್ಟಬೇಕು, ಅದಕ್ಕೆ ಸ್ವಂತ ಹಡಗು ಬೇಕು, ಹಡಗಿಗೆ ಒಂದು ಲಕ್ಷ ಲೀಫ್ (ಆಟದೊಳಗಿನ ಹಣ) ಬೇಕು. ಟ್ರೊಪುಹೊಪು ಊರಿನಲ್ಲಿ ಪಾರ್ಟಿಶಿಯೊನ ವ್ಯಾಪಾರದ ಉಪಕಥೆಯಾಗಿ ಈ ವ್ಯವಹಾರ ಬರುತ್ತದೆ. ಮೊತ್ತ ದೊಡ್ಡದೆನಿಸಿದರೂ ದುಡ್ಡು ಕೂಡಿಡಿ, ಹಡಗು ಸಿಕ್ಕ ಮೇಲೆ ಆಟದ ಹರವೇ ಬೇರೆ.

ಪ್ರಶ್ನೆ: ಮಗಳಿಗೆ 11 ವರ್ಷ. ಚಿತ್ರಗಳು ಹಳೆಯ ಆಟಗಳಂತೆ ಮುದ್ದಾಗಿವೆ, ಕೊಡಿಸಬಹುದೇ? — ದಾವಣಗೆರೆಯ ಓದುಗರು

ಉತ್ತರ: ಒಂದೆರಡು ವರ್ಷ ಕಾಯುವುದು ಒಳ್ಳೆಯದು. ಗೊಂಬೆಯಂಥ ಚಿತ್ರಗಳಿದ್ದರೂ ಕಥೆ ಮುದ್ದಾಗಿಲ್ಲ. ಓಸ್ವಾಲ್ಡ್ ಹೆಂಡತಿ ಮಗಳನ್ನು ಕೊಂದ ಸುಳ್ಳು ಆರೋಪ ಹೊತ್ತು ಸೇಡಿಗೆ ಹೊರಟವನು, ತ್ರೋನೆ ಕೊಲೆಗಡುಕರ ಗುಂಪಿನಿಂದ ಬಿಡುಗಡೆ ಹುಡುಕುವವಳು. ಮಾತೆಲ್ಲ ಇಂಗ್ಲಿಷ್ ಬರಹದಲ್ಲಿ ಬರುತ್ತದೆ, ಓದಬೇಕಾದ್ದು ಬಹಳ. ಭಾರತೀಯ ಭಾಷೆಗಳ ಆಯ್ಕೆ ಇಲ್ಲ.

ಪ್ರಶ್ನೆ: ದುಬೈನಲ್ಲಿ ಕೆಲಸ, ದಿನಕ್ಕೆ ಒಂದು ಗಂಟೆ ಸಿಕ್ಕರೆ ಹೆಚ್ಚು. ಇಷ್ಟು ಉದ್ದದ ಆಟ ನನಗೆ ಹೊಂದುತ್ತದೆಯೇ? ನನ್ನ ಲ್ಯಾಪ್‌ಟಾಪ್ ಕೂಡ ಹಳೆಯದು. — ದುಬೈನ ಕನ್ನಡಿಗ ಓದುಗರು

ಉತ್ತರ: ಉದ್ದದ ಆಟಗಳಲ್ಲಿ ನಿಮ್ಮಂಥವರಿಗೆ ಒಗ್ಗುವ ಆಟ ಇದೇ. ಪ್ರತಿ ಅಧ್ಯಾಯವೂ ಸಾಮಾನ್ಯವಾಗಿ ಒಂದು ಊರು, ಒಂದು ಗುಹೆ ಅಥವಾ ಮನೆ, ಒಂದು ಬಾಸ್ ಎಂಬ ಅಳತೆಯಲ್ಲಿದೆ. ಎರಡು ಮೂರು ಸಂಜೆಗೆ ಒಂದು ಅಧ್ಯಾಯ ಆರಾಮಾಗಿ ಮುಗಿಯುತ್ತದೆ. ಯುದ್ಧದ ವೇಗವನ್ನು ಇಮ್ಮಡಿ ಮಾಡುವ ಗುಂಡಿಯನ್ನು ಮೊದಲ ದಿನದಿಂದಲೇ ಒತ್ತಿಟ್ಟುಕೊಳ್ಳಿ. ಆಟ ನಿಲ್ಲಿಸುವಾಗ ಗುಹೆಯ ನಡುವೆ ನಿಲ್ಲಿಸದೆ ಊರಲ್ಲಿ ನಿಲ್ಲಿಸಿ. ವಾರ ಬಿಟ್ಟು ಬಂದಾಗ ಯಾವ ದಾರಿ ನೋಡಿಯಾಗಿತ್ತು ಎಂಬ ಗೊಂದಲ ಇರುವುದಿಲ್ಲ. ಒಬ್ಬರದೇ ಕಥೆಯನ್ನು ಸತತವಾಗಿ ಮುಂದುವರಿಸಲು ಹೋದರೆ ಸೂಚಿತ ಲೆವೆಲ್ ನಿಮಗಿಂತ ಬೇಗ ಏರುತ್ತದೆ, ಹಾಗಾಗಿ ನಕ್ಷೆಯಲ್ಲಿ ಕಡಿಮೆ ಲೆವೆಲ್ ಸೂಚಿಸಿರುವ ಅಧ್ಯಾಯವನ್ನೇ ಮುಂದಿನದಾಗಿ ಆರಿಸಿ. ಕಥೆ ಮರೆತುಹೋಗುತ್ತದೆ ಎನಿಸಿದರೆ ಅಧ್ಯಾಯಕ್ಕೊಂದು ಸಾಲು ಬರೆದಿಟ್ಟುಕೊಳ್ಳಿ. ಟೆಮೆನೋಸ್‌ನ ತನಿಖೆಯಲ್ಲಿ ಬರುವ ಹೆಸರುಗಳಿಗಂತೂ ಅದು ಬೇಕೇ ಬೇಕು.

ಲ್ಯಾಪ್‌ಟಾಪ್ ವಿಚಾರದಲ್ಲಿ ದುಡ್ಡು ಕೊಡುವ ಮೊದಲು ಉಚಿತ ಡೆಮೊ ಇಳಿಸಿ ನೋಡಿ. ಮೂರು ಗಂಟೆ ಆಡಲು ಬಿಡುತ್ತದೆ, ಆ ಸೇವ್ ಪೂರ್ಣ ಆಟಕ್ಕೂ ಮುಂದುವರಿಯುತ್ತದೆ. ಬರೀ ಊರಲ್ಲಿ ಸುತ್ತಿ ತೀರ್ಮಾನಕ್ಕೆ ಬರಬೇಡಿ. ಊರಿನ ಹೊರಗೆ ಹೋಗಿ ಹಗಲು ರಾತ್ರಿ ನಾಲ್ಕಾರು ಸಲ ಬದಲಿಸಿ, ಸ್ಕಿಲ್‌ಗೆ ಪೂರ್ಣ ಬೂಸ್ಟ್ ಹಾಕಿ ಒಂದು ಯುದ್ಧ ಆಡಿ. ತಡವರಿಸಿದರೆ ಅಲ್ಲೇ ತಡವರಿಸುತ್ತದೆ. ಆಗ ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ ಗುಣಮಟ್ಟ ಇಳಿಸಿ, ಅದೇ ಜಾಗದಲ್ಲಿ ಮತ್ತೊಮ್ಮೆ ಪರೀಕ್ಷಿಸಿ. ಹೆಡ್‌ಫೋನ್ ಹಾಕಿಕೊಂಡೇ ಪರೀಕ್ಷಿಸಿ: ಹಗಲಿಂದ ರಾತ್ರಿಗೆ ತಿರುಗಿಸಿದಾಗ ಸಂಗೀತ ಸಂಯೋಜಕ ಯಾಸುನೊರಿ ನಿಶಿಕಿ ಅವರ ಅದೇ ರಾಗ ಕಡಿಯದೆ ಬೇರೆ ವಾದ್ಯಗಳಿಗೆ ಜಾರುತ್ತದೆ, ಅದು ಈ ಆಟದಲ್ಲಿ ನಮಗೆ ತುಂಬ ಪ್ರಿಯವಾದ ಸಂಗತಿ.